ಖಗೋಳಶಾಸ್ತ್ರಜ್ಞ ವೈನು ಬಪ್ಪು ಅವರ ಜೀವಿತ

ಕೊಳ್ಳೇಗಾಲದಿಂದ ಮೂಡಲಿಗೆ ಹೊರಟು, ಹನೂರನ್ನೂ ಮಹದೇಶ್ವರನ ಬೆಟ್ಟವನ್ನೂ ಹಿಂದಿಕ್ಕಿ, ತಮಿಳು ಸೀಮೆಯೊಳಗೆ ಬಹುದೂರ ಸಾಗಿದರೆ ಜವ್ವಾದಿ ಬೆಟ್ಟಗಳು ದೊರೆಯುವುವು. ಅಲ್ಲಿನ ಕಾವಲೂರೆಂಬ ಹಳ್ಳಿಯ ವೇಧಶಾಲೆಯು ವೈನು ಬಪ್ಪು ಎಂಬ ಮಹನೀಯರ ಹೆಸರನ್ನು ಧರಿಸಿದೆ. ಅವರ ಜೀವಿತವು ನಮ್ಮ ವಿದ್ಯಾರ್ಥಿನಿಯರೂ ಅವರ ತಾಯ್ತಂದೆಗಳೂ ಅರಿಯತಕ್ಕದ್ದಾಗಿದೆ.

ಇವರು 1927ನೆಯ ಇಸವಿ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ಆಗ ಯಳಂದೂರು ಮೈಸೂರು ಸಂಸ್ಥಾನದಲ್ಲಿದ್ದರೂ, ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿ ಅದೇ ಮದರಾಸು ಪ್ರಾಂತದಲ್ಲಿತ್ತು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೇಧಶಾಲೆಯಲ್ಲಿ ಉದ್ಯೋಗದಲ್ಲಿದ್ದುದರಿಂದ ಬಾಲ್ಯದಲ್ಲಿಯೇ ಇವರಿಗೆ ನಕ್ಷತ್ರಗಳಲ್ಲಿ ಆಸಕ್ತಿ ಹುಟ್ಟಿತು. ಮುಂದೆ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಾ ದೇಶದ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ, 1949ರಲ್ಲಿ, ಇಪ್ಪತ್ತೆರಡು ತುಂಬುವುದರೊಳಗೆ, ಇಬ್ಬರು ಸಹೋದ್ಯೋಗಿಗಳೊಡನೆ ಹೊಸದೊಂದು ಧೂಮಕೇತುವನ್ನು ಕಂಡುಹಿಡಿದರು. ನಕ್ಷತ್ರದ ಬೆಳಕಿನಲ್ಲಿ ಕ್ಯಾಲ್ಸಿಯಂ ಧಾತುವು ಮೂಡಿಸುವ ರೇಖೆಯ ಅಗಲದಿಂದ ಆ ನಕ್ಷತ್ರದ ನಿಜವಾದ ಪ್ರಕಾಶವನ್ನು ತಿಳಿಯಬಹುದೆಂದು ಇವರೂ ವಿಲ್ಸನ್ ಎಂಬ ವಿದ್ವಾಂಸರೂ 1957ರಲ್ಲಿ ಪ್ರಕಟಿಸಿದ ನಿಯಮವು ಇಬ್ಬರ ಹೆಸರಿನಿಂದಲೂ ಪ್ರಸಿದ್ಧವಾಯಿತು.

ಪರದೇಶದಲ್ಲಿ ದೊಡ್ಡ ಯಂತ್ರಗಳೂ ಕೀರ್ತಿಯೂ ಕೈಗೆ ಎಟುಕಿದ್ದರೂ, ಬಪ್ಪು ಅವರು ಅಂತಹ ಸಾಧನಗಳಿಲ್ಲದ ಸ್ವದೇಶಕ್ಕೇ ಮರಳಿದರು. ನೈನಿತಾಲಿನಲ್ಲಿ ವೇಧಶಾಲೆಯನ್ನು ಕಟ್ಟಿ, 1960ರಲ್ಲಿ ಕೊಡೈಕಾನಲಿನ ವೇಧಶಾಲೆಗೆ ಮುಖ್ಯಾಧಿಕಾರಿಗಳಾದರು. ನಕ್ಷತ್ರವೀಕ್ಷಣೆಗೆ ಬೇರೊಂದು ಸ್ಥಳ ಬೇಕೆಂದು ಹುಡುಕಿ ಕಾವಲೂರನ್ನು ಆರಿಸಿದರು. 1968ರಲ್ಲಿ ಅಲ್ಲಿ ಸ್ಥಾಪಿತವಾದ ಮೊದಲನೆಯ ದೂರದರ್ಶಕವು ತಮ್ಮವರೇ ತಯಾರಿಸಿದ 38 ಸೆಂಟಿಮೀಟರಿನ ಚಿಕ್ಕ ಯಂತ್ರವಾಗಿತ್ತು. 1971ರಲ್ಲಿ ಇವರ ನೇತೃತ್ವದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಸ್ವತಂತ್ರವಾಗಿ ರೂಪುಗೊಂಡು, ಬಳಿಕ ಬೆಂಗಳೂರಿನಲ್ಲಿ ನೆಲಸಿತು. 1979ರಲ್ಲಿ ಇವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು.

234 ಸೆಂಟಿಮೀಟರಿನ ದರ್ಪಣವುಳ್ಳ ದೊಡ್ಡ ದೂರದರ್ಶಕವನ್ನು ನಮ್ಮ ದೇಶದಲ್ಲಿಯೇ ನಿರ್ಮಿಸಬೇಕೆಂಬುದು ಅವರ ಹಿರಿಯ ಆಸೆ. ಆ ದರ್ಪಣವನ್ನು ಬೆಂಗಳೂರಿನಲ್ಲಿ ಉಜ್ಜಿ ಒಪ್ಪವಿಡಲಾಯಿತು. ಆದರೆ ಕಾರ್ಯವು ಪೂರೈಸುವ ಮುನ್ನವೇ, 1982ನೆಯ ಇಸವಿ ಆಗಸ್ಟ್ 19ರಂದು, ತಮ್ಮ 55ನೆಯ ವಯಸ್ಸಿನಲ್ಲಿ, ಅವರು ಜರ್ಮನಿಯ ಮ್ಯೂನಿಕ್ ನಗರದಲ್ಲಿ ದಿವಂಗತರಾದರು. ಶಿಷ್ಯರೂ ಸಹೋದ್ಯೋಗಿಗಳೂ ಎದೆಗುಂದದೆ ಕೆಲಸವನ್ನು ಮುಗಿಸಿದರು. 1986ರ ಜನವರಿ 6ರಂದು ಆ ಯಂತ್ರಕ್ಕೆ ಅವರ ಹೆಸರನ್ನೇ ಇಡಲಾಯಿತು.

1990ರ ಏಪ್ರಿಲ್ 24ರಂದು ಅಮೆರಿಕಾದವರು ಆಕಾಶಕ್ಕೆ ಕಳುಹಿಸಿದ ಸುಪ್ರಸಿದ್ಧ ಹಬಲ್ ದೂರದರ್ಶಕದ ದರ್ಪಣವು ಬಪ್ಪು ಅವರ ದರ್ಪಣಕ್ಕಿಂತ ಆರೇ ಸೆಂಟಿಮೀಟರು ದೊಡ್ಡದು. ಗಾಳಿಯ ಅಲುಗಾಟವು ನಕ್ಷತ್ರಗಳ ಬಿಂಬವನ್ನು ಕದಡುವುದರಿಂದಲೂ, ವಾಯುಮಂಡಲದ ಓಜೋನು ನೇರಳಾತೀತ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದರಿಂದಲೂ, ಗಾಳಿಯನ್ನು ಮೀರಿ ಭೂಮಿಯನ್ನು ಸುತ್ತುವ ಯಂತ್ರಗಳು ಬೇಕಾದುವು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಮೇಲೇರಿದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕಗಳನ್ನು ಸಿದ್ಧಪಡಿಸುವುದರಲ್ಲಿ ಬಪ್ಪು ಅವರ ಸಂಸ್ಥೆಯೇ ಮುಂದಾಳಾಗಿತ್ತು. ಅವುಗಳನ್ನು ಜೋಡಿಸಿದ್ದು ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲಿ. ಅವುಗಳ ದರ್ಪಣದ ಅಗಲವೂ, ಕಾವಲೂರಿನ ಮೊದಲನೆಯ ಯಂತ್ರದಂತೆಯೇ, ಸುಮಾರು 38 ಸೆಂಟಿಮೀಟರು.

ಬಪ್ಪು ಅವರು ಆ ದೊಡ್ಡ ದೂರದರ್ಶಕದಲ್ಲಿ ಒಮ್ಮೆಯಾದರೂ ಕಣ್ಣಿಟ್ಟು ನೋಡಲಿಲ್ಲ. ಆದರೂ ಅವರು ಕಲಿಸಿದ ಕೈಗಳು ಕೆಲಸವನ್ನು ಬಿಡಲಿಲ್ಲ. ಮಕ್ಕಳನ್ನು ಓದಿಸುವ ತಾಯ್ತಂದೆಗಳಿಗೂ ಪಾಠ ಹೇಳಿಕೊಡುವ ಉಪಾಧ್ಯಾಯಿನಿಯರಿಗೂ ಇದಕ್ಕಿಂತ ದೊಡ್ಡ ಸಮಾಧಾನವು ಬೇಕಿಲ್ಲ.