ಸಬ್ಬತಾಯ್ ಝ್ವಿ: ಕಾದವರ ಮಸೀಹ

ಮಸೀಹ ಎಂಬ ಪದ ನಮಗೆ ಹೊಸತಲ್ಲ. ಹಝ್ರತ್ ಈಸಾ(ಅ)ರ ಹೆಸರಿನೊಂದಿಗೆ ಅದನ್ನು ಬಾಲ್ಯದಿಂದಲೇ ಕೇಳಿ ಬೆಳೆದವರು ನಾವು. ಹೀಬ್ರೂ ಭಾಷೆಯಲ್ಲಿ ಅದು ಮಶೀಯಾಹ್, ಅಂದರೆ ತೈಲದಿಂದ ಅಭಿಷೇಕ ಹೊಂದಿದವನು. ಯಹೂದಿಯರ ಪಾಲಿಗೆ ಆತ ಇನ್ನೂ ಬರಬೇಕಾದವನು. ಹಝ್ರತ್ ದಾವೂದ್(ಅ)ರ ವಂಶದಲ್ಲಿ ಹುಟ್ಟಿ, ಚದುರಿಹೋದ ಜನರನ್ನು ಜೆರುಸಲೇಮಿಗೆ ಸೇರಿಸಿ, ಕ್ರಿ.ಶ. 70ರಲ್ಲಿ ರೋಮನರು ಕೆಡವಿದ ಆಲಯವನ್ನು ಮತ್ತೆ ಕಟ್ಟುವ ರಾಜನೆಂದು ಅವರು ನಿರೀಕ್ಷಿಸುತ್ತಾರೆ. ಆ ಪಟ್ಟಕ್ಕೆ ಏರಿದವರು, ಏರಿಸಲ್ಪಟ್ಟವರು ಹಲವರು. 132ರಲ್ಲಿ ರೋಮನರ ವಿರುದ್ಧ ಬಂಡೆದ್ದ ಬಾರ್ ಕೋಖ್ಬಾ ಅವರಲ್ಲೊಬ್ಬ. 135ರಲ್ಲಿ ಆ ದಂಗೆ ಭೀಕರ ರಕ್ತಪಾತದಲ್ಲಿ ಮುಗಿಯಿತು. ಆದರೆ ಅತಿ ಹೆಚ್ಚು ದೇಶಗಳನ್ನು ಅಲುಗಾಡಿಸಿದವನು ಸಬ್ಬತಾಯ್ ಝ್ವಿ.

ಈತ 1626ರಲ್ಲಿ ಉಸ್ಮಾನೀ ಸಾಮ್ರಾಜ್ಯದ ಬಂದರು ಪಟ್ಟಣ ಇಝ್ಮೀರ್‌ನಲ್ಲಿ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದ. ಚಿಕ್ಕ ವಯಸ್ಸಿನಲ್ಲೇ ಧರ್ಮಶಾಸ್ತ್ರ ಕಲಿತ. ಕಬ್ಬಾಲಾ ಎಂಬ ಅವರ ಅಧ್ಯಾತ್ಮ ವಿದ್ಯೆಯಲ್ಲಿ ಮುಳುಗಿದ. ಕೆಲವು ದಿನ ಉತ್ಸಾಹ ಉಕ್ಕಿ ನಿಷಿದ್ಧವಾದುದನ್ನೂ ಮಾಡುತ್ತಿದ್ದ, ಮತ್ತೆ ಕೆಲವು ದಿನ ಕತ್ತಲಲ್ಲಿ ಬಿದ್ದವನಂತಿರುತ್ತಿದ್ದ. ಯಾರೂ ಉಚ್ಚರಿಸಬಾರದ ದೇವನಾಮವನ್ನು ಬಹಿರಂಗವಾಗಿ ಉಚ್ಚರಿಸಿದ. ಕೊನೆಗೆ ಇಝ್ಮೀರ್‌ನ ಪಂಡಿತರು ಊರಿನಿಂದ ಹೊರಹಾಕಿದರು. ಸಲೋನಿಕಾದಲ್ಲಿ ತೌರಾತ್ ಗ್ರಂಥದೊಂದಿಗೇ ಮದುವೆ ಮಾಡಿಕೊಂಡು ಅಲ್ಲಿಂದಲೂ ಹೊರಬಿದ್ದ.

ಇಂತಹವನನ್ನು ಜನ ಹೇಗೆ ನಂಬಿದರು ಎಂದು ನೀವು ಕೇಳಬಹುದು. 1492ರಲ್ಲಿ ಸ್ಪೇನ್ ಯಹೂದಿಯರನ್ನು ಹೊರದೂಡಿತ್ತು. 1648ರಿಂದ ಉಕ್ರೇನ್ ಮತ್ತು ಪೋಲೆಂಡಿನಲ್ಲಿ ಕೊಸಾಕ್ ದಂಗೆಕೋರರು ಸಾವಿರಾರು ಯಹೂದಿಯರನ್ನು ಕೊಂದಿದ್ದರು. ಅಷ್ಟು ನೊಂದವರಿಗೆ ಇನ್ನೂ ಕಾಯಿರಿ ಎನ್ನುವುದು ಸುಲಭವೇ? 1664ರಲ್ಲಿ ಕೈರೋದಲ್ಲಿ ಸಬ್ಬತಾಯ್ ವರಿಸಿದ ಸಾರಾ ಕೂಡ ಆ ಹತ್ಯಾಕಾಂಡದಲ್ಲಿ ಅನಾಥಳಾದವಳು.

1665ರಲ್ಲಿ ತನ್ನ ಮನಸ್ಸಿನ ಕಾಯಿಲೆಗೆ ಮದ್ದು ಹುಡುಕಿಕೊಂಡು ಆತ ಗಾಝಾದ ನಾಥನ್ ಎಂಬ ತರುಣ ವಿದ್ವಾಂಸನ ಬಳಿಗೆ ಹೋದ. ನಾಥನ್ ಮದ್ದು ಕೊಡಲಿಲ್ಲ, ನೀನೇ ಮಸೀಹ ಎಂದು ಸಾರಿದ! ಪತ್ರಗಳು ಹಡಗು ಹತ್ತಿದವು. ಯಮನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ವರೆಗೆ ಜನ ಉಪವಾಸ ಮಾಡಿದರು, ಪಶ್ಚಾತ್ತಾಪಪಟ್ಟರು, ವ್ಯಾಪಾರ ನಿಲ್ಲಿಸಿ ಗಂಟುಮೂಟೆ ಕಟ್ಟಿದರು.

1666ರ ಫೆಬ್ರವರಿಯಲ್ಲಿ ಇಸ್ತಾಂಬುಲ್‌ಗೆ ಬಂದಾಗ ಆಡಳಿತ ಆತನನ್ನು ಬಂಧಿಸಿ, ನಂತರ ಗಲ್ಲಿಪೋಲಿ ಬಳಿಯ ಕೋಟೆಯಲ್ಲಿಟ್ಟಿತು. ಸೆರೆಮನೆಯೇ ದರ್ಬಾರಾಯಿತು, ದೂರದೂರುಗಳಿಂದ ಜನ ಕಾಣಿಕೆ ಹೊತ್ತು ಬಂದರು. ಆಲಯ ನಾಶವಾದ ದಿನದ ಶೋಕದ ಉಪವಾಸವನ್ನು ಹಬ್ಬವಾಗಿಸಲು ಆತ ಅಪ್ಪಣೆ ಮಾಡಿದ.

ಅದೇ ವರ್ಷ ಸೆಪ್ಟೆಂಬರ್ 16ರಂದು ಎದಿರ್ನೆಯಲ್ಲಿ ಸುಲ್ತಾನ್ ನಾಲ್ಕನೇ ಮುಹಮ್ಮದ್‌ರ ಆಸ್ಥಾನದ ಮುಂದೆ ನಿಲ್ಲಿಸಲಾಯಿತು. ಮರಣ ಅಥವಾ ಇಸ್ಲಾಮ್. ಆತ ಪೇಟ ಧರಿಸಿ ಅಝೀಝ್ ಮುಹಮ್ಮದ್ ಎಫೆಂದಿಯಾದ. ಅರಮನೆಯ ದ್ವಾರಪಾಲಕನ ಗೌರವ ಹುದ್ದೆ, ದಿನಕ್ಕೆ 150 ಅಕ್ಚೆ ವೇತನ ದೊರೆಯಿತು. ಇದನ್ನು ಓದಿ ನಮಗೆ ಸಂತೋಷವಾಗಬೇಕೇ? ಧರ್ಮದಲ್ಲಿ ಬಲವಂತವಿಲ್ಲವೆಂದು ಮಕ್ಕಳಿಗೆ ಕಲಿಸುವ ನನಗಂತೂ ಆಗಲಿಲ್ಲ. ಕತ್ತಿಯ ನೆರಳಿನಲ್ಲಿ ಹೇಳಿದ ಕಲಿಮಾದಲ್ಲಿ ಹೃದಯ ಎಷ್ಟಿತ್ತೆಂದು ಅಲ್ಲಾಹನೇ ಬಲ್ಲ. ಮುಂದೆಯೂ ಆತ ಎರಡೂ ದೋಣಿಯಲ್ಲಿ ಕಾಲಿಟ್ಟಿದ್ದ. 1673ರಲ್ಲಿ ಗಡೀಪಾರಾಗಿ 1676ರಲ್ಲಿ ಇಂದಿನ ಮಾಂಟೆನೆಗ್ರೋದ ಉಲ್ಸಿನ್‌ನಲ್ಲಿ ತೀರಿಕೊಂಡ.

ಹೆಚ್ಚಿನವರು ನಾಚಿಕೆಯಿಂದ ಮೌನವಾದರು. ಕೆಲವರು ಅದೂ ಮಸೀಹನ ರಹಸ್ಯವೇ ಎಂದರು. 1683ರಲ್ಲಿ ಸಲೋನಿಕಾದ ನೂರಾರು ಕುಟುಂಬಗಳು ಆತನನ್ನು ಅನುಸರಿಸಿ ಹೊರಗೆ ಮುಸ್ಲಿಮರಾಗಿ, ಒಳಗೆ ಅವನ ನಂಬಿಕೆಯಲ್ಲೇ ಉಳಿದವು. ದೊನ್ಮೆ ಎಂದು ಕರೆಸಿಕೊಂಡ ಈ ಜನ, 1923ರ ಗ್ರೀಸ್-ತುರ್ಕಿ ಜನವಿನಿಮಯ ಒಪ್ಪಂದದಲ್ಲಿ ಮುಸ್ಲಿಮರೆಂದೇ ಗಣಿಸಲ್ಪಟ್ಟು ತುರ್ಕಿಗೆ ಹೋಗಬೇಕಾಯಿತು.

ಆದರೆ ನನ್ನ ಮನಸ್ಸು ನಿಲ್ಲುವುದು ಜರ್ಮನಿಯ ಒಬ್ಬ ವೃದ್ಧನ ಬಳಿ. ಗ್ಲಿಕ್ಲ್ ಎಂಬ ಯಹೂದಿ ಮಹಿಳೆ ತನ್ನ ಆತ್ಮಕಥೆಯಲ್ಲಿ ಮಾವನ ವಿಷಯ ಬರೆದಿದ್ದಾಳೆ. ಸುದ್ದಿ ಕೇಳಿದ ಆತ ಇದ್ದ ಮನೆ ಬಿಟ್ಟು, ಹ್ಯಾಂಬರ್ಗ್‌ನಲ್ಲಿದ್ದ ಸೊಸೆಯ ಮನೆಗೆ ಎರಡು ದೊಡ್ಡ ಪೀಪಾಯಿ ಕಳುಹಿಸಿದ. ಜೆರುಸಲೇಮಿನ ಪ್ರಯಾಣಕ್ಕೆಂದು ಬಟಾಣಿ, ಬೀನ್ಸ್, ಒಣಗಿಸಿದ ಮಾಂಸ, ಬಟ್ಟೆಬರೆ. ಹಡಗು ಬರಲಿಲ್ಲ. ವರ್ಷ ಕಳೆದ ಮೇಲೆ, ಆಹಾರ ಕೊಳೆತು ಬಟ್ಟೆ ಹಾಳಾದೀತೆಂದು ತಿನಿಸುಗಳನ್ನು ಮಾತ್ರ ತೆಗೆಯಲು ಬರೆದ. ಬಟ್ಟೆಗಳನ್ನು ತೆಗೆಯಲು ಹೇಳಲಿಲ್ಲ.