ಅರ್ಥಕ್ಕೆ ಪ್ರಯೋಗವೇ ಸಾಕ್ಷಿ: ಕಿಟ್ಟೆಲ್ ಅವರ ಬದುಕು ಮತ್ತು ನಾನಾರ್ಥದ ಪ್ರಶ್ನೆ

ಒಂದೇ ಪದಕ್ಕೆ ಹಲವು ಅರ್ಥಗಳಿರುವ ಸಂಗತಿಯನ್ನು ಕನ್ನಡದ ನಿಘಂಟುಕಾರರು ಬಹು ಹಿಂದೆಯೇ ಗುರುತಿಸಿದ್ದರು. ಎರಡನೆಯ ನಾಗವರ್ಮನ ಅಭಿಧಾನ ವಸ್ತುಕೋಶದಲ್ಲಿ ನಾನಾರ್ಥಗಳಿಗೆಂದೇ ಒಂದು ಕಾಂಡವಿದೆ. ಆದರೆ ಅರ್ಥಗಳನ್ನು ಪಟ್ಟಿಮಾಡುವುದು ಬೇರೆ. ನಿರ್ದಿಷ್ಟ ವಾಕ್ಯದಲ್ಲಿ ಅವುಗಳ ಪೈಕಿ ಯಾವುದು ಸಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಬೇರೆ. ಮೊದಲನೆಯದಕ್ಕೆ ನೆನಪು ಸಾಕು, ಎರಡನೆಯದಕ್ಕೆ ಸಾಕ್ಷಿ ಬೇಕು. ಈ ಸಾಕ್ಷಿಯನ್ನು ಕಲೆಹಾಕುವುದರಲ್ಲಿ ತಮ್ಮ ಬದುಕಿನ ಬಹುಭಾಗವನ್ನು ಕಳೆದವರು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್. ಅವರನ್ನು ಸಾಮಾನ್ಯವಾಗಿ ನಿಘಂಟಿನ ಗಾತ್ರದಿಂದ ಅಳೆಯಲಾಗುತ್ತದೆ. ಆ ನಿಘಂಟಿನ ಹಿಂದಿರುವ ಪ್ರಯೋಗನಿಷ್ಠೆಯ ದೃಷ್ಟಿಯಿಂದ ಅವರ ಜೀವನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಿಟ್ಟೆಲ್ ಜನಿಸಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ಉತ್ತರದ ಕಡಲತಡಿಯ ಪೂರ್ವ ಫ್ರೀಸ್‌ಲ್ಯಾಂಡ್ ಪ್ರದೇಶದ ರೆಸ್ಟರ್‌ಹಾಫೆಯಲ್ಲಿ. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ ಅಚ್ಚಾದದ್ದೂ ಅದೇ ವರ್ಷ. ಬಾಸೆಲ್ ಮಿಷನ್ನಿನಲ್ಲಿ ಶಿಕ್ಷಣ ಪಡೆದು 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲ್, ಧಾರವಾಡ, ಮಂಗಳೂರು, ಮಡಿಕೇರಿ ಮುಂತಾದೆಡೆಗಳಲ್ಲಿ ಕೆಲಸ ಮಾಡಿದರು. ಕನ್ನಡದ ಉತ್ತರದ ನುಡಿ, ಕರಾವಳಿಯ ನುಡಿ, ಕೊಡಗಿನ ನೆರೆಹೊರೆಯ ನುಡಿ ಇವೆಲ್ಲವೂ ಅವರ ಕಿವಿಗೆ ಬಿದ್ದವು. ಒಂದೇ ಪದವು ಊರಿನಿಂದ ಊರಿಗೆ ಬೇರೆ ಅರ್ಥ ತಾಳುವುದನ್ನು ಗ್ರಹಿಸಲು ಈ ಅಲೆದಾಟವೇ ಅವರಿಗೆ ಪಾಠಶಾಲೆಯಾಯಿತೆನ್ನಬಹುದು.

ಧರ್ಮಬೋಧಕನಿಗೆ ನಾನಾರ್ಥವು ಕೇವಲ ಪಾಂಡಿತ್ಯದ ವಿಷಯವಲ್ಲ. 'ಬಲಿ' ಎಂಬ ಪದವನ್ನೇ ನೋಡಬಹುದು. ಕಾಯಿ ಬಲಿಯಿತು ಎಂದರೆ ಅದು ಗಟ್ಟಿಯಾಗಿ ಬೆಳೆಯಿತು ಎಂದರ್ಥ; ಇದು ಕನ್ನಡದ ಕ್ರಿಯಾಪದ. ದೇವತೆಗೆ ಬಲಿ ಕೊಟ್ಟರು ಎನ್ನುವಾಗ ಅದು ಸಂಸ್ಕೃತದಿಂದ ಬಂದ ನಾಮಪದ. ದೀಪಾವಳಿಯ ಪಾಡ್ಯದಂದು ಬಲಿಯನ್ನು ಪೂಜಿಸಿದರು ಎನ್ನುವಾಗ ಅದು ದಾನವೇಂದ್ರನ ಹೆಸರು. ಕ್ರಿಸ್ತನ ಮರಣವನ್ನು ಈ ಪದದಿಂದ ಹೇಳಹೊರಟವನಿಗೆ, ತಾನು ಉದ್ದೇಶಿಸಿದ ಅರ್ಥವನ್ನೇ ಕೇಳುಗನೂ ಗ್ರಹಿಸುವನೆಂಬ ಭರವಸೆಯಿರಲಿಲ್ಲ. ಕಿಟ್ಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಪ್ರಕಟಿಸಿದರು. 1872ರಲ್ಲಿ ಯಜ್ಞವನ್ನು ಕುರಿತು 'ಯಜ್ಞಸುಧಾನಿಧಿ'ಯನ್ನು ಬರೆದರು. ಕೇಳುಗರ ಪರಂಪರೆಯಲ್ಲಿ ಪದಕ್ಕಿರುವ ಅರ್ಥವನ್ನು ಅರಿಯದೆ ಅದನ್ನು ಬಳಸಲಾಗದು ಎಂಬ ಎಚ್ಚರವನ್ನು ಈ ಕೃತಿಗಳ ಹಿಂದೆ ಕಾಣಬಹುದಾಗಿದೆ. ವಿದ್ವತ್ತಿನ ಕಡೆಗಿನ ಅವರ ಈ ಒಲವು ಮಿಷನ್ನಿನ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಅದೇ 1872ರಲ್ಲಿ ಕಿಟ್ಟೆಲ್ ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿ ಹೊರಬಂದಿತು. ನಿಘಂಟಿನ ದೃಷ್ಟಿಯಿಂದ ಶಬ್ದಮಣಿದರ್ಪಣದ ಸಂಪಾದನೆ ನಿರ್ಣಾಯಕವಾದುದು. ಕೇಶಿರಾಜನು ಸೂತ್ರಗಳನ್ನು ಹೇಳಿ ಸುಮ್ಮನಾಗುವವನಲ್ಲ. ಪೂರ್ವಕವಿಗಳ ಪ್ರಯೋಗಗಳನ್ನು ಉದಾಹರಿಸಿ ಸೂತ್ರಕ್ಕೆ ಪ್ರಮಾಣ ಒದಗಿಸುತ್ತಾನೆ. ಗ್ರಂಥದ ಕೊನೆಯಲ್ಲಿ ಪ್ರಯೋಗಸಾರವೆಂಬ ಪ್ರಕರಣವಿದ್ದು, ಅಲ್ಲಿ ವಿರಳವಾದ ಪದಗಳ ಅರ್ಥನಿರ್ಣಯವಿದೆ. ಇದಕ್ಕಿಂತ ಹೆಚ್ಚಾಗಿ, ಬಳಕೆಯಿಂದ ಮರೆಯಾಗುತ್ತಿದ್ದ ೞಕಾರವುಳ್ಳ ಪದಗಳನ್ನು ಅವನು ಪಟ್ಟಿಮಾಡಿದ್ದಾನೆ.

ಈ ಅಕ್ಷರವಿಚಾರಕ್ಕೂ ನಾನಾರ್ಥಕ್ಕೂ ನೇರವಾದ ಸಂಬಂಧವಿದೆ. ಇಂದು 'ಬಾಳು' ಎಂದರೆ ಬದುಕು. ಹಳೆಯ ಕಾವ್ಯದಲ್ಲಿ 'ಬಾಳ್' ಎಂದರೆ ಕತ್ತಿಯೂ ಹೌದು. ಇದು ಒಂದೇ ಪದದ ಎರಡು ಅರ್ಥವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಬದುಕು ಎಂಬ ಅರ್ಥದ ಪದ 'ಬಾೞ್', ಕತ್ತಿ ಎಂಬ ಅರ್ಥದ್ದು 'ಬಾಳ್'. ೞಕಾರವು ಳಕಾರದಲ್ಲಿ ಲೀನವಾದ ಮೇಲೆ ಎರಡು ಪದಗಳು ಒಂದಾಗಿ ಕಂಡವು. ಹಾಗೆಯೇ ತಿಳಿ ಎಂಬರ್ಥದ 'ಅಱಿ', ಕತ್ತರಿಸು ಎಂಬರ್ಥದ 'ಅರಿ', ಸಂಸ್ಕೃತದಿಂದ ಬಂದ ಶತ್ರುವಾಚಿಯಾದ 'ಅರಿ' ಈ ಮೂರೂ ಹೊಸಗನ್ನಡದ ಬರಹದಲ್ಲಿ ಒಂದೇ ರೂಪದಲ್ಲಿವೆ. ಕಿಟ್ಟೆಲ್ ತಮ್ಮ ನಿಘಂಟಿನಲ್ಲಿ ಱ, ೞ ಅಕ್ಷರಗಳನ್ನು ಉಳಿಸಿಕೊಂಡರು. ರೂಪ ಒಂದೇ ಆಗಿದ್ದು ಮೂಲ ಬೇರೆಯಾದ ಪದಗಳಿಗೆ ಕ್ರಮಸಂಖ್ಯೆ ನೀಡಿ ಪ್ರತ್ಯೇಕ ನಮೂದುಗಳಾಗಿ ಇರಿಸಿದರು. ಒಂದು ಪದದ ಅರ್ಥವಿಸ್ತಾರ ಬೇರೆ, ಹಲವು ಪದಗಳ ರೂಪಸಾಮ್ಯ ಬೇರೆ ಎಂಬ ವಿವೇಕ ಇದರಿಂದ ಸ್ಪಷ್ಟವಾಯಿತು.

1877ರಲ್ಲಿ ಸ್ವದೇಶಕ್ಕೆ ಮರಳಿದ ಕಿಟ್ಟೆಲ್, ನಿಘಂಟಿನ ಕಾರ್ಯಕ್ಕಾಗಿ 1883ರಲ್ಲಿ ಮತ್ತೆ ಬಂದು 1892ರವರೆಗೆ ಇಲ್ಲಿದ್ದರು. ತಾಳೆಯೋಲೆಗಳನ್ನೂ ಅಚ್ಚಾದ ಕಾವ್ಯಗಳನ್ನೂ ಪರಿಶೀಲಿಸುವುದರ ಜೊತೆಗೆ, ಜನರ ಬಾಯಲ್ಲಿದ್ದ ಗಾದೆಗಳನ್ನು ಸಂಗ್ರಹಿಸಿದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳ, 1,700ಕ್ಕೂ ಮಿಗಿಲಾದ ಪುಟಗಳ ಆ ಗ್ರಂಥದಲ್ಲಿ ಅರ್ಥದ ಪಕ್ಕದಲ್ಲಿಯೇ ಸಂಕ್ಷೇಪಾಕ್ಷರಗಳು ಕಾಣುತ್ತವೆ. ಅರ್ಥವು ಶಬ್ದಮಣಿದರ್ಪಣದಿಂದ ಬಂದುದೋ, ಬಸವಪುರಾಣದಿಂದ ಬಂದುದೋ, ಗಾದೆಯಿಂದ ಬಂದುದೋ, ಮೈಸೂರಿನ ಮಾತೋ, ದಕ್ಷಿಣ ಮರಾಠಾ ಸೀಮೆಯ ಮಾತೋ ಎಂಬುದು ಅವುಗಳಿಂದ ತಿಳಿಯುತ್ತದೆ. ಕಾವ್ಯದ ಪ್ರಯೋಗಕ್ಕೂ ಗಾದೆಗೂ ಒಂದೇ ಪುಟದಲ್ಲಿ ಸಾಕ್ಷಿಯ ಸ್ಥಾನ ದೊರೆತದ್ದು ಗಮನಾರ್ಹ. ಅವಸರದ ಓದುಗರು ದಾಟಿಹೋಗುವ ಈ ಕಿರು ಗುರುತುಗಳೇ ನಿಘಂಟಿನ ನಿಜವಾದ ಪ್ರಮಾಣಗಳು. ಅವನ್ನು ತೆಗೆದು ಅರ್ಥವನ್ನು ಮಾತ್ರ ಉಳಿಸಿದರೆ ಕಿಟ್ಟೆಲ್ ಅವರ ಪರಿಶ್ರಮದ ಅರ್ಧಭಾಗ ಅಳಿಸಿಹೋಗುತ್ತದೆ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರೇಟ್ ನೀಡಿ ಗೌರವಿಸಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಒಟ್ಟಿಗೆ ವಿವರಿಸುವ ಅವರ ವ್ಯಾಕರಣ ಗ್ರಂಥ ಪ್ರಕಟವಾದದ್ದು 1903ರಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಟ್ಯೂಬಿಂಗೆನ್‌ನಲ್ಲಿ ನಿಧನರಾದರು.

ಪ್ರಯೋಗವನ್ನೇ ನಂಬಿದ ನಿಘಂಟಿಗೆ ದೊರೆತ ಪ್ರಯೋಗಗಳೇ ಮಿತಿಯೂ ಆಗುತ್ತವೆ. ಕವಿರಾಜಮಾರ್ಗವೂ ಪಂಪಭಾರತವೂ ಮೊದಲು ಅಚ್ಚಾದದ್ದು 1898ರಲ್ಲಿ, ಅಂದರೆ ನಿಘಂಟು ಹೊರಬಂದ ನಾಲ್ಕು ವರ್ಷಗಳ ತರುವಾಯ. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಒಳಗೊಂಡ ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟವನ್ನು ಬಿ. ಎಲ್. ರೈಸ್ ಪ್ರಕಟಿಸಿದ್ದು 1905ರಲ್ಲಿ. ಆ ವೇಳೆಗೆ ಕಿಟ್ಟೆಲ್ ಇರಲಿಲ್ಲ. ಆ ಸಂಪುಟಕ್ಕೂ ಸಿಗದ ಸಾಕ್ಷಿಗಳು ಇಂದಿಗೂ ನೆಲದಿಂದ ಮೇಲೇಳುತ್ತಿವೆ. ಉತ್ತರ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ದೊರೆತ, ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲಿನ ಶಾಸನದಲ್ಲಿ 'ಪೆರ್ಬೊಳಲ್' ನಾಡಿನ ಹೆಸರಿದೆ. ಇಂದಿನ ರೂಪವನ್ನಷ್ಟೇ ನೋಡಿದರೆ 'ಹೆಬ್ಬಾಳ'ದ 'ಬಾಳ'ವನ್ನು ಬದುಕಿಗೋ ಕತ್ತಿಗೋ ಜೋಡಿಸುವ ಆಸೆಯಾಗಬಹುದು. ಶಾಸನದ ರೂಪವನ್ನು ನೋಡಿದರೆ ಅದು ಪಿರಿದಾದ ಪೊೞಲ್, ಎಂದರೆ ದೊಡ್ಡ ಪಟ್ಟಣ. ಊಹೆಯ ಬಾಯಿಯನ್ನು ಪ್ರಯೋಗವು ಮುಚ್ಚಿಸುವ ಬಗೆ ಇದು. ಕಿಟ್ಟೆಲ್ ಅವರ ಕೈಗೆ ಸಿಗದ ಸಾಕ್ಷಿಯಾದರೂ, ಇದನ್ನು ಓದುವ ಕ್ರಮ ಅವರು ಅನುಸರಿಸಿದುದೇ ಆಗಿದೆ.

ಕಿಟ್ಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸು ವಿಶ್ವವಿದ್ಯಾನಿಲಯದಿಂದ 1968–71ರ ಅವಧಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟಿಸಿದ ಬೃಹತ್ ನಿಘಂಟು, ಅರ್ಥ ಅರ್ಥಕ್ಕೂ ಗ್ರಂಥ ಮತ್ತು ಶಾಸನಗಳ ಪ್ರಯೋಗಗಳನ್ನು ಜೋಡಿಸಿ ಈ ಮಾರ್ಗವನ್ನು ವಿಸ್ತರಿಸಿತು. ಆದರೂ ನಮ್ಮ ತರಗತಿಗಳಲ್ಲಿ ನಾನಾರ್ಥಗಳನ್ನು ಪಟ್ಟಿಯಾಗಿ ಬಾಯಿಪಾಠ ಮಾಡಿಸುವ ರೂಢಿ ಉಳಿದುಕೊಂಡಿದೆ. ಏಳು ಎಂಬುದಕ್ಕೆ ಸಂಖ್ಯೆ, ಮೇಲೇಳು ಎಂಬೆರಡು ಅರ್ಥಗಳನ್ನು ಒಪ್ಪಿಸಿದ ವಿದ್ಯಾರ್ಥಿಗೆ ಪದ ಇನ್ನೂ ದಕ್ಕಿಲ್ಲ. ಏಳು ಗಂಟೆಗೆ ಏಳು ಎಂಬ ವಾಕ್ಯದಲ್ಲಿ ಯಾವ 'ಏಳು' ಯಾವುದೆಂದು ವಿಭಕ್ತಿ, ಸ್ಥಾನ, ಸಂದರ್ಭಗಳಿಂದ ತೋರಿಸಬಲ್ಲವನಿಗೆ ಅದು ದಕ್ಕಿದೆ. ಪದಕ್ಕೆ ಸ್ವಂತ ವಾಕ್ಯವೊಂದನ್ನು ರಚಿಸುವ ಅಭ್ಯಾಸ ಹೀಗೆ ಮಕ್ಕಳ ಪಾಠವಾಗಿ ಮಾತ್ರ ಉಳಿಯದೆ, ನಿಘಂಟುಶಾಸ್ತ್ರದ ಮೂಲಪಾಠವೂ ಆಗುತ್ತದೆ. ಪರನುಡಿಯವರಾಗಿ ಬಂದ ಕಿಟ್ಟೆಲ್ ಈ ಪಾಠವನ್ನು ಕಲಿಯುವುದಕ್ಕೆ ನಾಲ್ಕು ದಶಕಗಳನ್ನು ವ್ಯಯಿಸಿದರು. ಅವರ ನಿಘಂಟನ್ನು ತೆರೆಯುವವರು ಅರ್ಥದ ಜೊತೆಗೆ ಆವರಣದೊಳಗಿನ ಗುರುತನ್ನೂ ಓದುವುದು ಅವರಿಗೆ ಸಲ್ಲಿಸಬಹುದಾದ ಯೋಗ್ಯ ಗೌರವ.