ಸದಲಗಾದಿಂದ ಪ್ಯಾರಿಸ್‌ವರೆಗೆ: ಡಾ. ಆ. ನೇ. ಉಪಾಧ್ಯೆ

ಪ್ರಾಕೃತ ವಿದ್ವಾಂಸ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು 1906ರ ಫೆಬ್ರವರಿ 6ರಂದು ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ ಜನಿಸಿದರು. ಬಸದಿಯ ಪೂಜಾವಿಧಿಗಳನ್ನು ನಡೆಸಿಕೊಂಡು ಬಂದ ಮನೆತನ. ಊರಿನ ಶಾಲೆಯ ನಂತರ ಬೆಳಗಾವಿಯ ಗಿಲಗಂಚಿ ಅರಟಾಳ ಹೈಸ್ಕೂಲು, ಆಮೇಲೆ ಕೊಲ್ಲಾಪುರ, ಸಾಂಗ್ಲಿ, ಪುಣೆ. ಮನೆಯ ಕನ್ನಡಕ್ಕೆ ಮರಾಠಿ, ಸಂಸ್ಕೃತ, ಪ್ರಾಕೃತ, ಇಂಗ್ಲಿಷ್ ಕೂಡಿಕೊಂಡವು. 1930ರಲ್ಲಿ ಎಂ.ಎ. ಮುಗಿಸಿ ಕೊಲ್ಲಾಪುರದ ರಾಜಾರಾಂ ಕಾಲೇಜಿನಲ್ಲಿ ಅರ್ಧಮಾಗಧಿ ಅಧ್ಯಾಪಕರಾದರು.

ಅವರು ಓದಲು ವಿದೇಶಕ್ಕೆ ಹೋಗಲಿಲ್ಲ. ಅವರಿಗಿಂತ ಮೊದಲು ಅವರ ಗ್ರಂಥಗಳು ಹೋದವು. ಯುರೋಪಿನ ಪಂಡಿತರು ಶ್ವೇತಾಂಬರ ಆಗಮಗಳನ್ನು ಬಹುಕಾಲದಿಂದ ಬಲ್ಲವರು. ದಿಗಂಬರ ಪ್ರಾಕೃತ ಗ್ರಂಥಗಳ ಪರಿಚಯ ಅವರಿಗೆ ಕಡಿಮೆ. ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು 1935ರಲ್ಲಿ ಸಂಪಾದಿಸಿದಾಗ ಉಪಾಧ್ಯೆಯವರು ಇಂಗ್ಲಿಷಿನಲ್ಲಿ ಬರೆದ ಪ್ರಸ್ತಾವನೆಯೇ ಒಂದು ಪುಸ್ತಕದಷ್ಟಿದೆ. ಆಚಾರ್ಯರ ಕಾಲ, ಕೃತಿಗಳು, ತತ್ತ್ವ, ಭಾಷೆ ಎಲ್ಲವನ್ನೂ ಅಲ್ಲಿ ಪರಿಶೀಲಿಸಿದ್ದಾರೆ. ‘ಪರಮಾತ್ಮಪ್ರಕಾಶ’, ‘ವರಾಂಗಚರಿತ’, ‘ಬೃಹತ್ಕಥಾಕೋಶ’ ಹೀಗೇ ಒಂದರ ಹಿಂದೊಂದು ಬಂದವು. ಅವಸರದ ಕೆಲಸ ಅವರದಲ್ಲ: ‘ಕುವಲಯಮಾಲಾ’ದ ಮೊದಲ ಭಾಗ 1959ರಲ್ಲಿ ಬಂದರೆ, ಎರಡನೆಯದಕ್ಕೆ 1970ರವರೆಗೆ ಕಾಯಬೇಕಾಯಿತು. 1939ರಲ್ಲೇ ಮುಂಬಯಿ ವಿಶ್ವವಿದ್ಯಾಲಯ ಡಿ.ಲಿಟ್. ನೀಡಿತ್ತು.

ಬರೆದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಾದರೂ ಕನ್ನಡಿಗರು ಅವರನ್ನು ಮರೆಯಲಿಲ್ಲ. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಪ್ರಾಚ್ಯವಿದ್ಯಾ ವಿದ್ವಾಂಸರ ಅಂತರರಾಷ್ಟ್ರೀಯ ಸಮಾವೇಶಕ್ಕೆಂದು 1971ರಲ್ಲಿ ಕ್ಯಾನ್‌ಬೆರಾಕ್ಕೆ ಹೊರಟಾಗ ಅವರು ಅರವತ್ತೈದರ ಹೊಸ್ತಿಲಲ್ಲಿದ್ದರು. 1973ರಲ್ಲಿ ಪ್ಯಾರಿಸ್‌ನ ಸಮಾವೇಶಕ್ಕೂ ಹೋಗಿಬಂದರು. ಆ ವರ್ಷಗಳಲ್ಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾಗಿದ್ದರು. 1975ರ ಅಕ್ಟೋಬರ್ 8ರಂದು ಕೊಲ್ಲಾಪುರದಲ್ಲಿ ನಿಧನರಾದರು.